ನೀರಿನ ನಡುವೆ ಎರಡು ರಾತ್ರಿ

ನಮ್ಮ ಜತ್ ತಾಲೂಕಿನ ಮಂದಿಗೆ ದತ್ತನ ಕ್ಷೇತ್ರಗಳು ಹೊಸವಲ್ಲ. ಔದುಂಬರ ನಮ್ಮ ಜಿಲ್ಲೆಯಲ್ಲೇ ಇದೆ. ನರಸೋಬಾವಾಡಿ, ಗಾಣಗಾಪುರಗಳಿಗೆ ತಪ್ಪದೆ ಹೋಗುವ ಮನೆತನಗಳು ಊರೂರಲ್ಲಿ ಇವೆ. ಆದರೆ ಕುರವಪುರ ಕಂಡವರು ಕಡಿಮೆ. ಅದು ರಾಯಚೂರು ಜಿಲ್ಲೆಯಲ್ಲಿ, ಕೃಷ್ಣಾ ನದಿಯ ನಡುವೆ ಇರುವ ನಡುಗಡ್ಡೆ. ಗುರುಚರಿತ್ರೆ ಓದುವವರಿಗೆ ಹೆಸರು ಗೊತ್ತಿರುತ್ತದೆ. ಶ್ರೀಪಾದ ಶ್ರೀವಲ್ಲಭರು ಇದ್ದ ಸ್ಥಳ. ಮರಾಠಿಯಲ್ಲಿ ಆ ಗ್ರಂಥ ಬರೆದ ಸರಸ್ವತಿ ಗಂಗಾಧರನ ಮನೆಮಾತು ಕನ್ನಡ ಅಂತ ಹೇಳುತ್ತಾರೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುವ ನಮ್ಮಂಥವರಿಗೆ ಅವನು ಹತ್ತಿರದವನೇ.

2023ರ ಜನವರಿಯಲ್ಲಿ ನಮ್ಮ ಅತ್ತಿಯನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಎರಡು ರಾತ್ರಿ ಉಳಿದೆ. ಅತ್ತಿಗೆ ಎಪ್ಪತ್ತು ದಾಟಿದೆ. ಹನ್ನೆರಡು ವರ್ಷದವಳಿದ್ದಾಗಿನಿಂದ ತಲೆಯ ಮೇಲೆ ಕೊಡ ಹೊತ್ತವಳು. ವಿಜಯಪುರದಿಂದ ರಾಯಚೂರಿಗೆ ಬಸ್ಸು, ಅಲ್ಲಿಂದ ಆತಕೂರಿಗೆ ಟಂಟಂ. ಆತಕೂರಿನ ದಂಡೆಗೆ ಬಂದರೆ ಮುಂದೆ ದಾರಿಯಿಲ್ಲ, ಬರೀ ನೀರು. ಹರಿಗೋಲಿನಲ್ಲಿ ದಾಟಬೇಕು. ಹರಿಗೋಲು ಎಂದರೆ ಬಿದಿರಿನ ದೊಡ್ಡ ಬುಟ್ಟಿ. ಹಿಂದೆ ಚರ್ಮ ಹೊದಿಸುತ್ತಿದ್ದರಂತೆ, ಈಗ ಡಾಂಬರು ಬಳಿದ ತಾಡಪತ್ರಿ. ನಮ್ಮ ಜೊತೆ ಒಂದು ಗ್ಯಾಸ್ ಸಿಲಿಂಡರ್, ಎರಡು ಚೀಲ ಅಕ್ಕಿ, ಶಾಲೆ ಬಿಟ್ಟು ಬಂದ ಮೂರು ಹುಡುಗರು.

"ನಡುವ ಕೂಡ್ರಿ ಯವ್ವಾ, ಅಲುಗ್ಯಾಡಬ್ಯಾಡ್ರಿ" ಅಂದ ಹುಟ್ಟು ಹಾಕುವವನು. ಅತ್ತಿ ಅಂಚಿನಿಂದ ಕೈ ಇಳಿಬಿಟ್ಟು ನೀರು ಮುಟ್ಟಿದಳು. "ಇಷ್ಟು ನೀರು ಪಾಳಿ ಇಲ್ಲದ ಹರದು ಹೊಂಟೈತಲ್ಲೋ" ಅಂದಳು. ನಾನು ಮಾತಾಡಲಿಲ್ಲ.

ನಡುಗಡ್ಡೆಯಲ್ಲಿ ಲಾಡ್ಜ್ ಇಲ್ಲ, ಹೋಟೆಲ್ ಇಲ್ಲ. ಅರ್ಚಕರ ಮನೆಯಲ್ಲೇ ಊಟ, ಪಡಸಾಲೆಯಲ್ಲಿ ಚಾಪೆ. ಮಧ್ಯಾಹ್ನ ಅನ್ನ, ಸಾರು, ಒಂದು ಪಲ್ಯ, ರಾತ್ರಿ ರೊಟ್ಟಿ. ಗುಡಿಯ ಹತ್ತಿರ ಬಿಳಲು ಬಿಟ್ಟ ದೊಡ್ಡ ಆಲದ ಮರ. ಒಂದು ಕಡೆ ಟೇಂಬೆ ಸ್ವಾಮಿಗಳು ಎಂದು ನಮ್ಮವರು ಕರೆಯುವ ವಾಸುದೇವಾನಂದ ಸರಸ್ವತಿಗಳು ತಪಸ್ಸು ಮಾಡಿದ ಗವಿ. 1854ರಲ್ಲಿ ಕೊಂಕಣದ ಮಾಣಗಾಂವದಲ್ಲಿ ಹುಟ್ಟಿದ ಆ ಸನ್ಯಾಸಿ ನಡೆಯುತ್ತಲೇ ದೇಶ ತಿರುಗಿದವರು. ಗವಿಯೊಳಗೆ ಬಗ್ಗಿ ಹೋಗಬೇಕು. ಒಳಗೆ ಕುಳಿತರೆ ತಂಪು. ಹೊರಗಿನ ಸಪ್ಪಳ ಕೇಳುವುದಿಲ್ಲ.

ಬೆಳಿಗ್ಗೆ ಸ್ನಾನಕ್ಕೆ ಹೊರಟಾಗ ಮನೆಯ ಅಮ್ಮ ಕೂಗಿ ಹೇಳಿದರು: "ಬಂಡಿ ಮ್ಯಾಲೆ ಕೂತು ತಂಬಗಿಲೆ ಹಾಕ್ಕೊರ್ರಿ, ಒಳಗ ಇಳೀಬ್ಯಾಡ್ರಿ. ಮೊಸಳಿ ಅದಾವ." ಅತ್ತಿ ಬಂಡೆಯ ಮೇಲೆ ಕುಳಿತು ತಂಬಿಗೆ ಮೇಲೆ ತಂಬಿಗೆ ಸುರಿದುಕೊಂಡಳು. ಎಣಿಸದೆ ನೀರು ಸುರಿದುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡನೆಯ ಸಂಜೆ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂಡಿದ್ದರು. ನಮ್ಮೂರು ಜತ್ ಅಂದ ಕೂಡಲೇ ಒಬ್ಬರು, "ಪೇಪರ್‌ನಾಗ ಬಂದಿತ್ತಲ್ರಿ, ನೀರಿಗಾಗಿ ಕರ್ನಾಟಕಕ್ಕ ಬರ್ತೀವಿ ಅಂದವ್ರು ನೀವs ಏನು?" ಅಂದರು. ನಮ್ಮ ಪೂರ್ವ ಭಾಗದ ಹಳ್ಳಿಗಳು 2012ರಲ್ಲಿ ಮಾಡಿದ ಠರಾವಿನ ಮಾತು 2022ರ ಕೊನೆಗೆ ಮತ್ತೆ ಎದ್ದಿತ್ತು. ಮ್ಹೈಸಾಳದಲ್ಲಿ ಕೃಷ್ಣೆಯ ನೀರು ಎತ್ತಿದರೂ ನಮ್ಮ ಕೊನೆಯ ಹಳ್ಳಿಗಳಿಗೆ ಮುಟ್ಟಿಲ್ಲ ಎಂದು ನಾನು ಹೇಳಿದೆ. ಅಲ್ಲೇ ಬಾಗಿಲಲ್ಲಿ ಕೂತಿದ್ದ ಅಮ್ಮ ಕೇಳಿದರು: "ನೀರು ಕಡಿಮಿ ಆದ್ರ ನಿಮಗ ಟ್ಯಾಂಕರ್ ಬರ್ತದ. ನೀರು ಹೆಚ್ಚಾದ್ರ ನಮಗ ಏನು ಬರ್ತದ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. 2019 ನೆನಪಾಯಿತು. ಆ ಬೇಸಿಗೆಯಲ್ಲಿ ನಮ್ಮ ತಾಲೂಕಿನ ದನಗಳು ಚಾರಾ ಛಾವಣಿಯಲ್ಲಿ ನಿಂತಿದ್ದವು. ಆಗಸ್ಟ್‌ನಲ್ಲಿ ಅದೇ ಜಿಲ್ಲೆಯ ಸಾಂಗ್ಲಿ ಪಟ್ಟಣ ಮುಳುಗಿತು. ನಮ್ಮನ್ನು ದೂರದಿಂದಲೇ ದಾಟಿ ಹೋದ ಆ ನೀರು ಆಲಮಟ್ಟಿ, ನಾರಾಯಣಪುರ ಜಲಾಶಯ ಹಾಯ್ದು ಇವರ ದಂಡೆಗೆ ಬಂದಿತ್ತು. ಹೊಳೆ ತುಂಬಿದರೆ ಹರಿಗೋಲು ಬಂದ್. ಔಷಧ, ಕಿರಾಣಿ, ಬಾಣಂತನ ಎಲ್ಲಕ್ಕೂ ನೀರು ಇಳಿಯುವ ತನಕ ಕಾಯಬೇಕು. 2020ರ ಆಗಸ್ಟ್‌ನಲ್ಲಿ ಇದೇ ಭಾಗದಲ್ಲಿ, ತೆಲಂಗಾಣದ ದಂಡೆಗೆ ಹೋದವರ ಹರಿಗೋಲು ಮಗುಚಿ ನಾಲ್ವರು ನೀರುಪಾಲಾದರು. ಸಂತೆ ಮಾಡಿ ಮನೆಗೆ ಬರುವುದೂ ಅಲ್ಲಿ ಜೀವದ ಪ್ರಶ್ನೆ.

ಅತ್ತಿ ಬಹಳ ಹೊತ್ತು ಸುಮ್ಮನಿದ್ದು ಆ ಅಮ್ಮನಿಗೆ ಅಂದಳು: "ನಿಮಗ ಪೂಲ ಬೇಕು, ನಮಗ ಕಾಲವಿ ಬೇಕು. ಇಬ್ಬರದೂ ಒಂದs ಹೊಳಿ ನೋಡವ್ವ." ಇಬ್ಬರೂ ನಕ್ಕರು. ಆಮೇಲೆ ಎಲೆ ಅಡಿಕೆ ಹಂಚಿಕೊಂಡರು.

ಪಟ್ಟಣದಿಂದ ಬಂದವರು ಇಂಥ ಜಾಗ ಹೀಗೇ ಇರಲಿ ಅನ್ನುತ್ತಾರೆ. ಆ ರಾತ್ರಿ ಕರೆಂಟು ಹೋಗಿ, ನೀರಿನ ಸಪ್ಪಳ ಒಂದೇ ಉಳಿದಾಗ ನನಗೂ ಹಾಗೇ ಅನಿಸಿತ್ತು. ಆದರೆ ಎರಡು ರಾತ್ರಿ ಇದ್ದು ಹೋಗುವವನ ಮಾತು ಬೇರೆ, ಹುಟ್ಟಿ ಸಾಯುವ ತನಕ ಅಲ್ಲೇ ಇರುವವರ ಮಾತು ಬೇರೆ. ಅಲ್ಲಿಯ ಶಾಂತಿಯಲ್ಲಿ ಅರ್ಧ ಪಾಲು ಸೇತುವೆ ಇಲ್ಲದ್ದರಿಂದ ಬಂದದ್ದು. ಸೇತುವೆಯಾಗಿ ಶಾಂತಿ ಸ್ವಲ್ಪ ಕಡಿಮೆಯಾದರೂ ಆಗಲಿ. ಆಲದ ಮರ, ಗವಿ ಎಲ್ಲಿಗೂ ಹೋಗುವುದಿಲ್ಲ.

ನಮ್ಮೂರಿನಿಂದ ಹೋಗುವವರು ಸುಗ್ಗಿಯ ಮುಂಚೆ, ಹೊಳೆ ಇಳಿದ ಮೇಲೆ ಹೋಗಿರಿ. ಬ್ಯಾಟರಿ, ಹೊದಿಕೆ, ಬೇಕಾದ ಗುಳಿಗೆ ಜೊತೆಗಿರಲಿ. ಅಲ್ಲಿ ಉಂಡು, ಮಲಗಿ, ಎಷ್ಟು ಶಾಂತ ಜಾಗ ಅಂತ ಹೊಗಳುವ ಮೊದಲು, "ಮಳೆಗಾಲದಾಗ ಹೆಂಗ ಮಾಡ್ತೀರಿ?" ಅಂತ ಆ ಮನೆಯವರನ್ನು ಒಮ್ಮೆ ಕೇಳಿರಿ.