ಜಪ್ತಿಗೆ ಬಾರದ ಮಗ್ಗ

ನಾನು ವಕೀಲಿ ಶುರು ಮಾಡಿದ್ದು ಎಂಬತ್ತರ ದಶಕದ ಕೊನೆಗೆ. ಆಗ ಬ್ಯಾಂಕಿನ ವಕೀಲನ ಕೆಲಸವೆಲ್ಲ ಕಾಗದದ ಮೇಲೆ ನಿಂತಿತ್ತು. ಹುನಗುಂದ ಕೋರ್ಟಿನಲ್ಲಿ ಸಾಲ ವಸೂಲಿಯ ದಾವೆ ಹೂಡಲು ಪ್ರಾಮಿಸರಿ ನೋಟು ಬೇಕು, ಜಾಮೀನುದಾರನ ಸಹಿ ಬೇಕು, 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯಂತೆ ದೃಢೀಕರಿಸಿದ ಖಾತೆ ಉತಾರ ಬೇಕು. ಉತಾರವನ್ನು ಗುಮಾಸ್ತರು ಲೆಡ್ಜರು ನೋಡಿ ಕೈಯಲ್ಲೇ ಬರೆಯುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಚಿಂತೆ ಮುದ್ದತಿನದು. ಮೂರು ವರ್ಷದೊಳಗೆ ಸಾಲಗಾರ ಬಾಕಿ ಒಪ್ಪಿ ಸಹಿ ಹಾಕಿದ್ದರೆ ಮತ್ತೆ ಮೂರು ವರ್ಷ ಸಿಗುತ್ತಿತ್ತು. ಇಲ್ಲದಿದ್ದರೆ ದಾವೆ ಹೂಡುವ ಹಕ್ಕೇ ಹೋಗುತ್ತಿತ್ತು. ಮುದ್ದತು ತೀರುವ ವಾರದಲ್ಲಿ ಮ್ಯಾನೇಜರುಗಳು ಫೈಲು ಹಿಡಿದು ಓಡಿ ಬರುತ್ತಿದ್ದರು.

ಡಿಕ್ರಿ ಆದರೆ ಅರ್ಧ ಕೆಲಸವಾದಂತೆ. ದುಡ್ಡು ಬರಬೇಕಾದದ್ದು ದರಖಾಸ್ತಿನಲ್ಲಿ, ಅಂದರೆ ಡಿಕ್ರಿ ಜಾರಿಯ ಅರ್ಜಿಯಲ್ಲಿ. ಇಳಕಲ್ಲಿನ ನೇಕಾರನೊಬ್ಬನ ಮನೆಗೆ ಬೇಲಿಫನ ಜೊತೆ ಹೋದದ್ದು ನೆನಪಿದೆ. ಬೇಲಿಫ ಹೊಸ್ತಿಲ ಬಳಿ ಕೂತು ಯಾದಿ ಬರೆಯತೊಡಗಿದ. ಒಳಗಿದ್ದದ್ದು ಕುಣಿಮಗ್ಗ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60ರ ಪ್ರಕಾರ ಕಸುಬುದಾರನ ಸಲಕರಣೆ ಜಪ್ತಿಗೆ ಬಾರದು. ಅಡಿಗೆ ಪಾತ್ರೆ, ಹಾಸಿಗೆ, ಹೆಂಡತಿಯ ತಾಳಿ ಕೂಡ ಬಾರದು. ಮಗ್ಗದ ಮೇಲೆ ಅರ್ಧ ನೆಯ್ದ ಸೀರೆ ಇತ್ತು. ಮೈಭಾಗದ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆಯನ್ನು ಕೊಂಡಿ ಹಾಕಿ ಜೋಡಿಸಿಯಾಗಿತ್ತು. ಬೇಲಿಫ ಅದರ ಕಡೆ ನೋಡಿದ.

‘ಅದು ನಂದಲ್ರೀ ಸಾಹೇಬ್ರ. ನೂಲು, ರೇಷ್ಮಿ ಎಲ್ಲಾ ಮಾಲಕರದು. ನನಗ ಬರೂದು ಕೂಲಿ ಅಷ್ಟ.’

ಅದೂ ಸರಿಯೇ. ಇನ್ನೊಬ್ಬರ ಮಾಲು ಜಪ್ತಿ ಮಾಡುವಂತಿಲ್ಲ. ಕೊನೆಗೆ ಯಾದಿಗೆ ಸೇರಿದ್ದು ಒಂದು ಸೈಕಲ್ಲು, ಒಂದು ಗೋಡೆ ಗಡಿಯಾರ. ಮುಂದಿನ ತಾರೀಖಿಗೆ ಆತ ಕೋರ್ಟಿಗೆ ಬಂದ. ತಿಂಗಳಿಗೆ ಎಷ್ಟು ಕಟ್ಟಬಲ್ಲೆ ಎಂದು ನ್ಯಾಯಾಧೀಶರೇ ಕೇಳಿದರು. ಬ್ಯಾಂಕು ಒಪ್ಪಿತು, ಕಂತು ಗೊತ್ತಾಯಿತು.

ಹಾಗೆಂದು ಆ ಕಾಲವನ್ನು ಹೊಗಳಲಾರೆ. ಬಡವ ಕಂತು ಕಟ್ಟುತ್ತಿದ್ದ ಅದೇ ಕೋರ್ಟಿನಲ್ಲಿ ಉಳ್ಳವರು ತಾರೀಖಿನ ಮೇಲೆ ತಾರೀಖು ಪಡೆದು ವರ್ಷಗಟ್ಟಲೆ ತಳ್ಳುತ್ತಿದ್ದರು. ಬ್ಯಾಂಕಿನಲ್ಲಿ ಠೇವಣಿ ಇಟ್ಟವರೂ ನಮ್ಮ ಊರಿನವರೇ ಎಂಬುದು ಯಾರಿಗೂ ನೆನಪಾಗುತ್ತಿರಲಿಲ್ಲ. ಹೈಕೋರ್ಟಿಗೆ ಹೋಗಬೇಕಾದರೆ ಬೆಂಗಳೂರೇ ಗತಿ. ಧಾರವಾಡದಲ್ಲಿ ಪೀಠ ಬಂದದ್ದು 2008ರಲ್ಲಿ.

ಬಾಗಲಕೋಟೆಯಲ್ಲಿ ಮುಳುಗಡೆ ನಮಗೆ ಬೇರೆಯೇ ಕಾಯ್ದೆ ಕಲಿಸಿತು. ಆಲಮಟ್ಟಿ ಹಿನ್ನೀರಿಗಾಗಿ ಸರಕಾರ ಮನೆಗಳನ್ನು ಸ್ವಾಧೀನ ಮಾಡಿಕೊಂಡಾಗ, ಅಡವಿಟ್ಟ ಮನೆಯ ಮೇಲಿನ ಬ್ಯಾಂಕಿನ ಹಕ್ಕು ಏನಾಗಬೇಕು? ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 73ರಂತೆ ಅದು ಪರಿಹಾರದ ಹಣದ ಮೇಲೆ ಕೂರುತ್ತದೆ. ಮುಳುಗಡೆಯವರಿಗಾಗಿ ಕಟ್ಟಿದ ನವನಗರದಲ್ಲಿ ಹೊಸ ಮನೆಯ ಪಾಯ ತೆಗೆಯಲು ಕುಟುಂಬ ನಂಬಿಕೊಂಡ ಹಣವೂ ಅದೇ. ಕಾಯ್ದೆ ಬ್ಯಾಂಕಿನ ಪರ ಸ್ಪಷ್ಟವಾಗಿತ್ತು. ಆದರೂ ಕೋರ್ಟಿನ ಪಡಸಾಲೆಯಲ್ಲಿ ಎರಡೂ ಕಡೆಯವರನ್ನು ಕೂರಿಸಿ ಬಡ್ಡಿ ಇಳಿಸುವ ಮಾತಾಡುವುದು ವಕೀಲರ ಕೆಲಸವಾಗಿತ್ತು.

ಈಗ ಆ ಪಡಸಾಲೆಗೆ ಬರುವ ದೊಡ್ಡ ಬ್ಯಾಂಕ್ ಕೇಸುಗಳು ಕಡಿಮೆ. 1993ರ ಕಾಯ್ದೆಯಿಂದ ದೊಡ್ಡ ಸಾಲಗಳು ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋದವು. ಇಂದು ಅದರ ಕನಿಷ್ಠ ಮಿತಿ 20 ಲಕ್ಷ ರೂಪಾಯಿ. 2002ರಲ್ಲಿ ಸರ್ಫೇಸಿ ಕಾಯ್ದೆ ಬಂದ ಮೇಲೆ, ಅಡವಿಟ್ಟ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕು ದಾವೆಯನ್ನೇ ಹೂಡಬೇಕಿಲ್ಲ. 60 ದಿನದ ನೋಟಿಸು, ಬಳಿಕ ಸ್ವಾಧೀನ, ಬಳಿಕ ಇ-ಹರಾಜು. ಹಿಂದೆ ಊರಲ್ಲಿ ಡಂಗುರ ಸಾರಿಸಿ ಜಪ್ತಿ ಮಾಡುತ್ತಿದ್ದರು, ಈಗ ಬಾಗಿಲಿಗೆ ನೋಟಿಸು ಅಂಟುತ್ತದೆ. ಕೃಷಿ ಭೂಮಿ ಈ ಕಾಯ್ದೆಯ ಹೊರಗಿದೆ. ಆದರೆ ಕಲಂ 60ರ ರಕ್ಷಣೆ ಇಲ್ಲಿ ಅಡವಿಟ್ಟ ವಸ್ತುವಿಗೆ ಸಿಗದು. ಸಾಲಕ್ಕೆ ಮಗ್ಗವನ್ನೇ ಬರೆದುಕೊಟ್ಟಿದ್ದರೆ ಮಗ್ಗವೂ ಹೋಗಬಹುದು.

ಬಾದಾಮಿಯಲ್ಲಿ ಲಾಡ್ಜು ಕಟ್ಟಲು ಮನೆ ಅಡವಿಟ್ಟ ಕುಟುಂಬವೊಂದು ನೋಟಿಸು ಹಿಡಿದು ಬಂದಾಗ 60 ದಿನ ಕಳೆದುಹೋಗಿತ್ತು. ಕರೆಂಟ್ ಬಿಲ್ಲುಗಳ ಜೊತೆ ಮಡಚಿ ಇಟ್ಟಿದ್ದರು. ಆ ಅವಧಿಯಲ್ಲಿ ಸಾಲಗಾರ ಲಿಖಿತ ಆಕ್ಷೇಪ ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಕಾರಣ ಸಹಿತ ಉತ್ತರಿಸಲೇಬೇಕು. ಹಳ್ಳಿ, ಪೇಟೆಗಳಲ್ಲಿ ಇದನ್ನು ಬಲ್ಲವರು ಕಡಿಮೆ. ಸ್ವಾಧೀನದ ನಂತರ ಉಳಿಯುವುದು ಡಿಆರ್‌ಟಿಗೆ ಅರ್ಜಿ, ಅದೂ 45 ದಿನದೊಳಗೆ, ಬೆಂಗಳೂರಿನಲ್ಲಿ. ಇ-ಫೈಲಿಂಗ್, ವಿಡಿಯೋ ವಿಚಾರಣೆ ಬಂದಿವೆ ನಿಜ. ಆದರೆ ಅಲ್ಲಿನ ವಕೀಲರ ಫೀ, ಓಡಾಟ ಲೆಕ್ಕ ಹಾಕಿ ಕೈಬಿಟ್ಟವರನ್ನು ಕಂಡಿದ್ದೇನೆ.

ವಸೂಲಿ ಚುರುಕಾದದ್ದು ಒಳ್ಳೆಯದೇ. ತಾರೀಖು ಎಳೆಯುವವರ ಆಟಕ್ಕೆ ಲಗಾಮು ಬೇಕೇ ಇತ್ತು. ಆದರೆ ಎಷ್ಟು ಕಟ್ಟಬಲ್ಲೆ ಎಂದು ಮುಖ ನೋಡಿ ಕೇಳುವವರು ಆ ಚುರುಕಿನಲ್ಲಿ ಇಲ್ಲವಾದರು. ಹೈಕೋರ್ಟು ಧಾರವಾಡಕ್ಕೆ ಬರಬಲ್ಲದಾದರೆ ಡಿಆರ್‌ಟಿಯೂ ತಿಂಗಳಲ್ಲಿ ಕೆಲವು ದಿನ ಅಲ್ಲಿ ಕೂರಬಲ್ಲದು. ಅಲ್ಲಿಯತನಕ ನಮ್ಮ ತಾಲ್ಲೂಕುಗಳ ವಕೀಲರು ಮಾಡಬೇಕಾದ ಮೊದಲ ಕೆಲಸ ಒಂದೇ: ನೋಟಿಸು ಬಂದ ವಾರದಲ್ಲೇ ಉತ್ತರ ಬರೆಯಿಸುವುದು.