ಹುಲ್ಲು ಕತ್ತರಿಸುವ ಪೀರಿಯಡ್ಡು

ನಮ್ಮ ಶಾಲೆಯ ಧ್ವಜಸ್ತಂಭದ ಸುತ್ತ ಒಂದು ಹುಲ್ಲುಹಾಸಿದೆ. 12 ಮೀಟರ್ ಉದ್ದ, 8 ಮೀಟರ್ ಅಗಲ. ಹಳೆಯ ವಿದ್ಯಾರ್ಥಿಗಳು ಅಕ್ಕರೆಯಿಂದ ಹಾಕಿಸಿಕೊಟ್ಟು, ಜೊತೆಗೆ ಕೈಯಲ್ಲಿ ತಳ್ಳಿ ಹುಲ್ಲು ಕತ್ತರಿಸುವ ಯಂತ್ರವೊಂದನ್ನೂ ಕೊಟ್ಟರು. ತಳ್ಳುವವರು ಯಾರು ಎಂಬುದನ್ನು ಮಾತ್ರ ಯಾರೂ ಯೋಚಿಸಲಿಲ್ಲ. ಮನೆಗೆ ಉಡುಗೊರೆಯಾಗಿ ಬರುವ ಹಿತ್ತಾಳೆ ಪಾತ್ರೆಯ ಕಥೆಯೂ ಇದೇ ತಾನೆ? ಕೊಟ್ಟವರು ಹೊರಟುಹೋಗುತ್ತಾರೆ, ಹುಣಿಸೆಹಣ್ಣು ಹಚ್ಚಿ ತಿಕ್ಕುವವಳು ಉಳಿಯುತ್ತಾಳೆ.

ಮಾಲಿ ನಿವೃತ್ತನಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಮಳೆ ಹಿಡಿಯಿತೆಂದರೆ ಹುಲ್ಲಿಗೆ ತಡೆಯೇ ಇಲ್ಲ. ಗೇಣುದ್ದ ಬೆಳೆಯಲು ಬಿಟ್ಟರೆ ಯಂತ್ರ ಬಾಯಿ ತುಂಬ ಕಚ್ಚಿಕೊಂಡು ನಿಂತೇಬಿಡುತ್ತದೆ. ಆಗಸ್ಟ್ 15 ಬೇರೆ ಹತ್ತಿರ ಬರುತ್ತಿತ್ತು. ಬಿ.ಎಡ್. ಓದುವಾಗ 1937ರ ವಾರ್ಧಾ ಸಮ್ಮೇಳನ, ಗಾಂಧೀಜಿಯವರ ಮೂಲಶಿಕ್ಷಣ, ಕೈಕೆಲಸದ ಮೂಲಕವೇ ಎಲ್ಲ ವಿಷಯಗಳ ಕಲಿಕೆ ಎಂದೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅವರಿಗೆ ತಕಲಿ, ಚರಕ ಇದ್ದವು. ನಮಗೆ ಸಿಕ್ಕಿದ್ದು ಹುಲ್ಲು. ಗಣಿತದ ಮೇಷ್ಟ್ರನ್ನೂ ವಿಜ್ಞಾನದ ಟೀಚರನ್ನೂ ಒಪ್ಪಿಸಿ, ಎಂಟನೆಯ ತರಗತಿಯನ್ನು ಅಂಗಳಕ್ಕೆ ಇಳಿಸಿದೆ.

ಯಂತ್ರದ ಬ್ಲೇಡು 30 ಸೆಂಟಿಮೀಟರ್ ಅಗಲ. ನಡುವೆ ಹುಲ್ಲಿನ ಗೆರೆ ಉಳಿಯಬಾರದೆಂದರೆ ಪ್ರತಿ ಸಾಲೂ ಹಿಂದಿನ ಸಾಲಿನ ಮೇಲೆ 5 ಸೆಂಟಿಮೀಟರ್ ಹಾಯಬೇಕು. ಉದ್ದಕ್ಕೆ ತಳ್ಳುವುದೋ, ಅಡ್ಡಕ್ಕೆ ತಳ್ಳುವುದೋ ಎಂದು ಮೇಷ್ಟ್ರು ಕೇಳಿದರು. ಉದ್ದಕ್ಕೆ 32 ಸಾಲು, ಅಡ್ಡಕ್ಕೆ 48 ಸಾಲು. ಗುಣಿಸಿದರೆ ಎರಡೂ 384 ಮೀಟರ್! ಹಾಗಾದರೆ ಎರಡೂ ಒಂದೇ ಎಂದು ತರಗತಿಯೆಲ್ಲ ಕೂಗಿತು. ಆಗಷ್ಟೇ ತಳ್ಳಿ ಬಂದ ಹುಡುಗನೊಬ್ಬ ಬೆವರು ಒರೆಸಿಕೊಳ್ಳುತ್ತ, "ತಳ್ಳೋದಲ್ಲ ಸಾರ್, ತಿರುಗಿಸೋದು ಕಷ್ಟ" ಎಂದ. ಉದ್ದಕ್ಕಾದರೆ 31 ತಿರುವು, ಅಡ್ಡಕ್ಕಾದರೆ 47. ಈ ಹುಡುಗ ಗಣಿತದ ಕಿರುಪರೀಕ್ಷೆಯಲ್ಲಿ ಎರಡಂಕಿ ಮುಟ್ಟಿದ್ದನ್ನು ನಾನು ಕಂಡಿಲ್ಲ.

ತುಳಸಿಯ ಕುಡಿ ಚಿವುಟಿದರೆ ಪಕ್ಕದಲ್ಲಿ ಕವಲೊಡೆಯುವುದು ನಮಗೆಲ್ಲ ಗೊತ್ತು. ಹುಲ್ಲು ಹಾಗಲ್ಲ. ಅದು ಬೆಳೆಯುವ ಜಾಗ ಬುಡದಲ್ಲಿ, ನೆಲಕ್ಕೆ ಅಂಟಿದಂತೆ ಇರುತ್ತದೆ. ಅದಕ್ಕೇ ಹಸು ಮೇದರೂ ಯಂತ್ರ ಹರಿದರೂ ಅದು ಮತ್ತೆ ಏಳುತ್ತದೆ. ರಾಗಿ, ಭತ್ತ, ಜೋಳ, ಕಬ್ಬು, ಕಡೆಗೆ ಬಿದಿರು ಕೂಡ ಇದೇ ಕುಟುಂಬದವು ಎಂದು ವಿಜ್ಞಾನದ ಟೀಚರು ಹೇಳಿದಾಗ, "ಮುದ್ದೆ ತಿನ್ನೋ ನಾವೂ ಹುಲ್ಲು ತಿನ್ನೋರೇ ಹಾಗಾದ್ರೆ" ಎಂದು ಮಕ್ಕಳಿಗೆ ನಗು. ಕತ್ತರಿಸಿದ ಹುಲ್ಲಿನಲ್ಲಿ 2 ಕಿಲೋ ತೂಗಿ, ಬಿಸಿಲು ಬಂದಾಗಲೆಲ್ಲ ಕಟ್ಟೆಯ ಮೇಲೆ ಹರವಿದರು. ಗರಿಗರಿಯಾಗಿ ಒಣಗಿದ ಮೇಲೆ ಅದು ಅರ್ಧ ಕಿಲೋಕ್ಕಿಳಿದಿತ್ತು.

ನನ್ನದು ಸಮಾಜ ವಿಜ್ಞಾನ. ಈ ಯಂತ್ರ ಹುಟ್ಟಿದ್ದು ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನಲ್ಲಿ. ಉಣ್ಣೆಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಗಿರಣಿಯ ಯಂತ್ರ ನೋಡಿ ಎಡ್ವಿನ್ ಬಡಿಂಗ್ ಎಂಬಾತ 1830ರಲ್ಲಿ ಇದನ್ನು ರೂಪಿಸಿದ. ಅದಕ್ಕೆ ಮೊದಲು ಅಲ್ಲಿಯ ಸಿರಿವಂತರ ಅಂಗಳವನ್ನು ಸಮ ಮಾಡುತ್ತಿದ್ದದ್ದು ಕುಡುಗೋಲು ಮತ್ತು ಕುರಿ. ನಮ್ಮಲ್ಲಿ ಹುಲ್ಲು ಅಲಂಕಾರವಲ್ಲ, ಆಸ್ತಿ. ಮೈಸೂರು ಅರಸರ ದನಗಳ 'ಬೆಣ್ಣೆ ಚಾವಡಿ'ಗೆ ಟಿಪ್ಪು 'ಅಮೃತ ಮಹಲ್' ಎಂದು ಹೆಸರಿಟ್ಟ. ಆ ದನಗಳ ಮೇವಿಗೆಂದು ಕಾದಿರಿಸಿದ ಬಯಲುಗಳೇ ಕಾವಲುಗಳು. ಚಿಕ್ಕಮಗಳೂರು, ಹಾಸನ, ಚಿತ್ರದುರ್ಗದ ಕಡೆ ಊರ ಹೆಸರುಗಳ ಬಾಲದಲ್ಲಿ ಈ 'ಕಾವಲು' ಇಂದಿಗೂ ಇದೆ. ಹುಲ್ಲಿಗೂ ಕಾವಲೇ ಎಂದು ಮಕ್ಕಳು ಬಾಯಿ ಬಿಟ್ಟರು.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗ ಒಂದು ಬೆಳಿಗ್ಗೆ ಹುಡುಗಿಯೊಬ್ಬಳ ತಾಯಿ ಬಂದಳು. ಕೆರೆಬದಿಯಲ್ಲಿ ಹುಲ್ಲು ಕೊಯ್ದು ಹಸು ಕಟ್ಟಿದವರ ಮನೆಗೆ ಮಾರುವಾಕೆ. ಸೆರಗಿನಲ್ಲಿ ಇನ್ನೂ ಹುಲ್ಲಿನ ಎಸಳಿತ್ತು.

"ನಾನು ಕುಯ್ದಿದ್ದು ಸಾಲ್ದಾ ಟೀಚರಮ್ಮ? ಇವಳ ಕೈಗೂ ಅದನ್ನೇ ಕೊಡ್ತೀರಾ?"

ಎಲ್ಲರಿಗೂ ಸರದಿಯಿದೆ, ಹಾಜರಿ ಪುಸ್ತಕದ ಕ್ರಮದಲ್ಲಿ ತಲೆಗೆ ಎರಡೇ ಸಾಲು, ಇದರಿಂದ ಪಾಠ ಕಲಿಯುತ್ತಾರೆ ಎಂದೆ.

"ಹುಲ್ಲು ಕುಯ್ದ್ರೆ ವಿದ್ಯೆ ಬರೋ ಹಂಗಿದ್ರೆ ನಾನು ಯಾವತ್ತೋ ನಿಮ್ಮ ಕುರ್ಚೀಲಿ ಕೂತಿರ್ತಿದ್ದೆ."

ಅದಕ್ಕೆ ಎದುರಾಡುವುದೇನು? ನಿಜವೇ ತಾನೆ. ಕೆಲಸ ತಾನಾಗಿ ಏನನ್ನೂ ಕಲಿಸುವುದಿಲ್ಲ. ನಡುವೆ ನಿಲ್ಲಿಸಿ 'ಏಕೆ, ಎಷ್ಟು' ಎಂದು ಕೇಳುವವರು ಬೇಕು, ಬರೆದಿಡಲು ಪುಸ್ತಕ ಬೇಕು. ಅದಿಲ್ಲದಿದ್ದರೆ ಅದು ಬಿಟ್ಟಿ ಚಾಕರಿ. ಮಕ್ಕಳಿಂದ ಶೌಚಾಲಯ ತೊಳೆಸಿದ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿದ ತಾಯಂದಿರು ಕೇಳದೆ ಇರಬೇಕೆ? ಅಭ್ಯಾಸವಿರುವ ಕೈಯನ್ನೇ ಮತ್ತೆ ಮತ್ತೆ ಕರೆಯುವ ಆಸೆ ನಮಗೆ ಶಿಕ್ಷಕರಿಗೂ ಇರುತ್ತದೆ, ಕೆಲಸ ಬೇಗ ಮುಗಿಯುತ್ತದಲ್ಲ! ಹಾಜರಿ ಪುಸ್ತಕ ಹಿಡಿದದ್ದು ಅದಕ್ಕಾಗಿಯೇ.

ಮಗಳ ಪುಸ್ತಕ ತರಿಸಿದೆ. ಹುಲ್ಲುಹಾಸಿನ ಚಿತ್ರ, 32 ಗೆರೆ, ಕೆಳಗೆ ಹಸಿ ಹುಲ್ಲಿನ ತೂಕ, ಒಣ ಹುಲ್ಲಿನ ತೂಕ. ಹುಡುಗಿ ಓದಿ ಹೇಳಿದಳು. ತಾಯಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. "ಮಳೇಲಿ ಹೊರೆ ಚಿಕ್ಕದಾಗಿ ಕಟ್ತೀನಿ. ತಲೆ ತಡೀಬೇಕಲ್ಲ. ಅವ್ರು ಹೊರೆ ಸಣ್ಣದು ಅಂತ ದುಡ್ಡು ಮುರ್ಕೋತಾರೆ" ಎಂದಳು. ಮಗಳು ಪುಸ್ತಕ ನೋಡಿದಳು, ತಾಯಿಯನ್ನು ನೋಡಿದಳು. "ಎರಡು ಕಿಲೋದಲ್ಲಿ ಒಂದೂವರೆ ನೀರೇ ಅಮ್ಮ. ನೀನು ಹೊರೋದು ನೀರು" ಎಂದಳು.

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಸಾಲು ಅಂದ್ರೆ ಎರಡೇ ಸಾಲು" ಎಂದು ನನ್ನ ಕಡೆ ಬೆರಳು ತೋರಿಸಿ ಹೋದಳು.

ಮುಂದಿನ ಸರದಿಯ ದಿನ ತಲೆಯ ಮೇಲೆ ಹೊರೆ ಹೊತ್ತುಕೊಂಡೇ ಕಾಂಪೌಂಡಿನಾಚೆ ನಿಂತಿದ್ದಳು. ಮಗಳು ಎರಡನೆಯ ಸಾಲು ಮುಗಿಸಿ, ದಿನಸಿ ಅಂಗಡಿಯವರ ಮಗನ ಕೈಗೆ ಹಿಡಿಕೆ ಕೊಟ್ಟ ಮೇಲೆಯೇ ಅಲ್ಲಿಂದ ಹೆಜ್ಜೆ ಕಿತ್ತದ್ದು.