ನಮ್ಮ ಮನೆಯ ಐಸ್ ಕ್ರೀಮ್ ಯಂತ್ರ

ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿನಿಯಾದ ನಾನೂ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಅಪ್ಪಣೆ ಮಾಡಿದಾಗ, ಬರೆಯತಕ್ಕ ದೊಡ್ಡ ವಿಷಯವು ನನ್ನಲ್ಲಿ ಏನಿದೆಯೆಂದು ಬಹಳ ಯೋಚಿಸಿದೆನು. ಆಗ ಕಣ್ಣಿಗೆ ಬಿದ್ದುದು ಉಗ್ರಾಣದ ಮೂಲೆಯಲ್ಲಿರುವ, ನನ್ನ ತಾಯಿಯವರ ಕಾಲದ ಐಸ್ ಕ್ರೀಮ್ ಯಂತ್ರ. ಅದರ ನೆವದಿಂದ ಗೃಹಕೃತ್ಯದ ಒಂದು ಪಾಠವನ್ನೂ ನನ್ನದೊಂದು ತಪ್ಪನ್ನೂ ಇಲ್ಲಿ ಹೇಳುವೆನು.

ವಿದ್ಯುತ್ತಿನಿಂದ ನಡೆಯುವ ಯಂತ್ರಗಳು ಬಂದಿರುವುದರಿಂದ ಕಿರಿಯರಲ್ಲನೇಕರು ಇದನ್ನು ನೋಡಿರಲಾರರು. ಕಬ್ಬಿಣದ ಪಟ್ಟಿ ಬಿಗಿದ ಮರದ ಬಾಲ್ದಿ. ಅದರೊಳಗೆ ಕಲಾಯಿ ಮಾಡಿದ ತಗಡಿನ ಡಬ್ಬಿ. ಡಬ್ಬಿಯೊಳಗೆ ಕಡೆಗೋಲಿನಂಥ ಮರದ ಅಲಗುಗಳು. ಮೇಲೆ ಹಲ್ಲುಚಕ್ರಗಳೂ ತಿರುಗಿಸುವ ಹಿಡಿಯೂ. ಇಂಥ ಯಂತ್ರಕ್ಕೆ 1843ರಲ್ಲಿ ಅಮೇರಿಕದಲ್ಲಿ ಪೇಟೆಂಟು ಪಡೆದವಳು ನ್ಯಾನ್ಸಿ ಜಾನ್ಸನ್ ಎಂಬ ಸ್ತ್ರೀಯೆಂಬುದು ನಮ್ಮ ವಾಚಕಿಯರಿಗೆ ಸಂತೋಷವನ್ನುಂಟುಮಾಡೀತು.

ನಮ್ಮದು ಮಂಗಳೂರು. ಬಂದರಿನ ಕಡೆಯಿಂದ ಮಂಜುಗಡ್ಡೆಯನ್ನು ಉಮಿ ತುಂಬಿದ ಗೋಣಿಯಲ್ಲಿ ತರಿಸುತ್ತಿದ್ದೆವು. ಮುನ್ನಾದಿನವೇ ತಾಯಿಯವರು ಬಾಲ್ದಿಗೆ ನೀರು ತುಂಬಿಸಿಡುವರು. ಒಣಗಿದ ಹಲಗೆಗಳು ನೀರು ಕುಡಿದು ಉಬ್ಬಿದರೆ ಸಂದುಗಳು ಮುಚ್ಚಿಕೊಳ್ಳುತ್ತವೆ. ಹಾಲು, ಸಕ್ಕರೆ, ಮೊಟ್ಟೆಯ ಹಳದಿಗಳನ್ನು ಸಣ್ಣ ಉರಿಯಲ್ಲಿ ಮಂದವಾಗುವವರೆಗೆ ಕಾಯಿಸಿ, ಪೂರ್ಣವಾಗಿ ತಣಿಸಿ, ಡಬ್ಬಿಯ ಮೂರರಲ್ಲಿ ಎರಡು ಪಾಲು ಮಾತ್ರ ತುಂಬುವರು. ಗಾಳಿ ಸೇರಿ ಅದು ಹಿಗ್ಗುವುದಷ್ಟೆ. ಸುತ್ತಲೂ ಎಂಟು ಪಾತ್ರೆ ಮಂಜುಗಡ್ಡೆಯ ಚೂರಿಗೆ ಒಂದು ಪಾತ್ರೆ ಕಲ್ಲುಪ್ಪಿನಂತೆ ಪದರಪದರವಾಗಿ ಹಾಕುವರು. ಹಿಡಿಯನ್ನು ತಿರುಗಿಸುವ ಸರದಿ ಮಕ್ಕಳದು. ಮೊದಲು ಹಗುರ, ಅರ್ಧ ಗಂಟೆಯ ಹೊತ್ತಿಗೆ ಅಣ್ಣನ ತೋಳೂ ಸೋಲುವುದು. ಆಗ ಅಲಗುಗಳನ್ನು ತೆಗೆದು, ಮುಚ್ಚಳ ಹಾಕಿ, ಮತ್ತಷ್ಟು ಮಂಜುಗಡ್ಡೆ ತುಂಬಿ, ಕಂಬಳಿ ಹೊದೆಸಿ ಒಂದು ತಾಸು ಬಿಡುವರು.

ಉಪ್ಪೇಕೆಂದು ನಾನು ಕೇಳುತ್ತಿದ್ದೆನು. ಉತ್ತರ ದೊರೆತುದು ಶಾಲೆಯ ವಿಜ್ಞಾನದ ತರಗತಿಯಲ್ಲಿ. ಒಂದು ಗ್ರಾಮ್ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಉಪ್ಪು ಸೇರಿದ ಮಂಜುಗಡ್ಡೆಯು ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿಯೂ ಕರಗುತ್ತ, ಆ ಶಾಖವನ್ನು ಡಬ್ಬಿಯ ಹಾಲಿನಿಂದ ಸೆಳೆದುಕೊಳ್ಳುತ್ತದೆ. ಉಪ್ಪುನೀರು ಸೊನ್ನೆಗಿಂತ 21 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿಳಿಯಬಲ್ಲುದು. ಬಿಡದೆ ತಿರುಗಿಸುವುದು, ಹಾಲು ದೊಡ್ಡ ಹರಳುಗಳಾಗಿ ಹೆಪ್ಪುಗಟ್ಟದೆ ನುಣುಪಾಗಲೆಂದು.

ಆದರೆ ಉಪ್ಪಿನ ಇನ್ನೊಂದು ಗುಣವನ್ನು ನಾನು ಕಲಿತುದು ಮನೆಯಲ್ಲಿ. 1960ನೆಯ ಇಸವಿಯ ಬೇಸಗೆ. ನನಗೆ ಹನ್ನೆರಡು ವರ್ಷ. ಒಂದು ಸಂಜೆ ಯಂತ್ರವನ್ನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಗೆಳತಿಯರು ಅಂಗಳದಲ್ಲಿ ಕರೆಯುತ್ತಿದ್ದರು. ಉಪ್ಪುನೀರನ್ನು ಚೆಲ್ಲಿ ಡಬ್ಬಿಯನ್ನು ಹಾಗೆಯೇ ಬಾಲ್ದಿಯೊಳಗಿಟ್ಟು ಓಡಿದೆನು. “ತೊಳೆದಿಟ್ಟೆಯಾ?” ಎಂದು ತಾಯಿಯವರು ಕೇಳಿದಾಗ, “ಇಟ್ಟೆ ಅಮ್ಮಾ” ಎಂದೆನು.

ಎರಡು ತಿಂಗಳ ಬಳಿಕ ಅಕ್ಕನನ್ನು ನೋಡಲು ವರನ ಕಡೆಯವರು ಬಂದರು. ಐಸ್ ಕ್ರೀಮ್ ಬಟ್ಟಲುಗಳು ಹೊರಗೆ ಹೋದವು. ವರನ ತಂದೆಯವರು ಒಂದು ಚಮಚ ತಿಂದು ಬಟ್ಟಲನ್ನು ಕೆಳಗಿಟ್ಟರು. ಅದು ಬಾಯಲ್ಲಿಡಲಾರದಷ್ಟು ಉಪ್ಪಾಗಿತ್ತು. ಅತಿಥಿಗಳು ಹೋದ ಮೇಲೆ ಮನೆಯಲ್ಲಿದ್ದ ಹಿರಿಯರೊಬ್ಬರು ಕೆಲಸದ ಮುದುಕಿಯ ಅಜಾಗ್ರತೆಯೇ ಇದಕ್ಕೆ ಕಾರಣವೆಂದು ಗದರಿಸಿದರು. ಆಕೆ ಒಮ್ಮೆ ನನ್ನ ಕಡೆಗೆ ನೋಡಿ ತಲೆ ತಗ್ಗಿಸಿದಳು. ನಾನು ಮಾತನಾಡಲಿಲ್ಲ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಬೆಳಿಗ್ಗೆ ತಾಯಿಯವರಿಗೆ ನಿಜವನ್ನು ಹೇಳಿದೆನು. ಅವರು ಹೊಡೆಯಲಿಲ್ಲ. ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಬೆಳಕಿಗೆ ಹಿಡಿದು ನೋಡೆಂದರು. ತಳದಲ್ಲಿ ತುಕ್ಕು ತಿಂದ ಸೂಜಿಮೊನೆಯಷ್ಟು ತೂತಿನಿಂದ ಬೆಳಕು ಬರುತ್ತಿತ್ತು. ಅನಂತರ ಆ ಮುದುಕಿಯ ಮುಂದೆ ನನ್ನನ್ನು ನಿಲ್ಲಿಸಿ ಕ್ಷಮೆ ಕೇಳಿಸಿದರು. ಆಕೆ, “ಉಪ್ಪು ಕೂತಲ್ಲಿ ತಿನ್ನುತ್ತದೆ ಮಗಾ, ಆವತ್ತೇ ತೊಳೆಯಬೇಕು” ಎಂದಷ್ಟೇ ಹೇಳಿದಳು. ಅಕ್ಕನ ಮದುವೆ ಅದೇ ಮನೆಗೆ ಆಯಿತು. ಆ ದಿನ ಬಟ್ಟಲನ್ನು ಪೂರ್ತಿ ಖಾಲಿ ಮಾಡಿದವರು ಭಾವನವರೊಬ್ಬರೇ. ನಿಮ್ಮ ಮನೆಯ ಉಪ್ಪಿನ ಋಣ ನನ್ನ ಮೇಲಿದೆಯೆಂದು ಕಡೆಯವರೆಗೂ ನನ್ನನ್ನು ಹಾಸ್ಯ ಮಾಡುತ್ತಿದ್ದರು.

ತೂತನ್ನು ಬೆಸುಗೆ ಹಾಕಿಸಿದ ಆ ಡಬ್ಬಿ ಇಂದಿಗೂ ಉಪಯೋಗದಲ್ಲಿದೆ. ಅದನ್ನು ಕಾಪಾಡಿದ ಕ್ರಮವಿಷ್ಟೇ: ತಿರುಗಿಸುವಾಗ ಬಾಲ್ದಿಯ ಪಕ್ಕದ ರಂಧ್ರವು ಕಟ್ಟದಂತೆ ನೋಡಬೇಕು, ಕಟ್ಟಿದರೆ ಉಪ್ಪುನೀರು ಮುಚ್ಚಳದವರೆಗೆ ಏರುವುದು. ಮುಚ್ಚಳವನ್ನು ಒರೆಸದೆ ತೆರೆಯಬಾರದು. ಕೆಲಸ ಮುಗಿದೊಡನೆ ಎಲ್ಲ ಭಾಗಗಳನ್ನೂ ಬಿಸಿನೀರಿನಲ್ಲಿ ತೊಳೆಯಬೇಕು. ಕಲಾಯಿ ಸವೆಯುವುದರಿಂದ ಮರಳು, ಬೂದಿಗಳಿಂದ ತಿಕ್ಕಬಾರದು. ಒರೆಸಿ ಗಾಳಿಯಲ್ಲಿ ಆರಿಸಿ, ಹಲ್ಲುಚಕ್ರಗಳಿಗೆ ಒಂದೆರಡು ಹನಿ ಎಣ್ಣೆ ಬಿಡಬೇಕು. ಮುಚ್ಚಳವನ್ನು ಬಿಗಿಯಾಗಿ ಹಾಕಿಡಬಾರದು. ಉಪ್ಪುನೀರನ್ನು ಗಿಡಗಳ ಬುಡಕ್ಕೆ ಚೆಲ್ಲಬಾರದು.

ಈಗ ರಜೆಯಲ್ಲಿ ಮೊಮ್ಮಗಳು ಬಂದು ಹಿಡಿಯನ್ನು ತಿರುಗಿಸುತ್ತಾಳೆ. ತೊಳೆದೆಯಾ ಎಂದು ನಾನು ಅವಳನ್ನು ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತು ಇಬ್ಬರೂ ತೊಳೆಯುತ್ತೇವೆ. ಮನೆಯಲ್ಲಿ ಇಂಥ ಯಂತ್ರವುಳ್ಳ ಸಹೋದರಿಯರು ಅದನ್ನು ಗುಜರಿಗೆ ಹಾಕದೆ, ಡಬ್ಬಿಯನ್ನೊಮ್ಮೆ ಬೆಳಕಿಗೆ ಹಿಡಿದು ನೋಡಬೇಕೆಂಬುದೇ ನನ್ನ ವಿಜ್ಞಾಪನೆ.